ನಿದ್ದೆಗಾಗಿ ಕೊಂಡ ಕಟ್ಟಿಗೆ ಮಷೀನು

ಕಟ್ಟಿಗೆ ಮಾರುವವನ ಬಾಳಿನಲ್ಲಿ ನಗುವಂಥದ್ದು ಏನಿದ್ದೀತು ಎಂದು ನೀವು ಕೇಳಬಹುದು. ನಮ್ಮ ವಖಾರಿಗೆ ಬಂದು ಅರ್ಧ ತಾಸು ಕೂತು ನೋಡಿ. ಏನಾದರೊಂದು ಆಗದೆ ಹೊತ್ತು ಮುಳುಗುವುದಿಲ್ಲ. ಕೂತವರಿಗೆ ಎಚ್ಚರ ಇರಬೇಕು, ಅದೊಂದೇ ಕಷ್ಟ.

ಸೊಲ್ಲಾಪುರದಲ್ಲಿ, ಅಕ್ಕಲಕೋಟ ರಸ್ತೆಗೆ ನಮ್ಮ ಕಟ್ಟಿಗೆ ವಖಾರಿ. ಹಿಂದೆಯೇ ಮನೆ, ಮನೆಯ ಪಕ್ಕದಲ್ಲೇ ಪವರ್‌ಲೂಮ್ ಶೆಡ್ಡು. ರಾತ್ರಿಯೆಲ್ಲ ಖಟಾಖಟ್. ಆದ್ದರಿಂದ ನನ್ನ ನಿದ್ದೆಯೇನಿದ್ದರೂ ಮಧ್ಯಾಹ್ನ, ವಖಾರಿಯ ಗಾದಿಯ ಮೇಲೆ, ಲೋಡು ದಿಂಬಿಗೆ ತಲೆ ಕೊಟ್ಟು. ಕಣ್ಣು ಮುಚ್ಚಿದ ಕೂಡಲೇ ಅಂಗಳದಲ್ಲಿ ಕೊಡಲಿ ಶುರು: ಧಡ್, ಧಡ್. ವರ್ಷಗಟ್ಟಲೆ ಅರೆನಿದ್ದೆಯಲ್ಲೇ ವ್ಯಾಪಾರ ಮಾಡಿದೆ. ಕೊನೆಗೊಂದು ದಿನ, ಕಟ್ಟಿಗೆ ಸೀಳುವ ಹೈಡ್ರಾಲಿಕ್ ಮಷೀನು ತರುತ್ತೇನೆ ಎಂದೆ. ಸಾವ್ಕಾರ ಧಂದೆ ಬೆಳೆಸುತ್ತಿದ್ದಾನೆ ಎಂದು ಜನ ಮಾತಾಡಿಕೊಂಡರು. ನನಗೆ ಬೇಕಾಗಿದ್ದದ್ದು ಒಂದು ಒಳ್ಳೆಯ ನಿದ್ದೆ, ಅಷ್ಟೇ.

ಆರಿಸಿದ್ದು

ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ವರ್ಕ್‌ಶಾಪಿಗೆ ಹೆಂಡತಿಯನ್ನೂ ಕರೆದುಕೊಂಡು ಹೋದೆ. ಮಷೀನು ಕಟ್ಟುವ ಮಿಸ್ತ್ರಿ ಮೊದಲು ಡೀಸೆಲಿನದು ಚಾಲೂ ಮಾಡಿದ. ಭೂಮಿ ನಡುಗಿತು. "ಎಂಥಾ ಗಂಟು ಇದ್ದರೂ ಹರಿದು ಒಗೀತೈತ್ರಿ ಸಾವ್ಕಾರ್ರ!"

"ಆ ಮೂಲ್ಯಾಗಿಂದು ಯಾವುದ್ರಿ?"

"ಅದು ಕರೆಂಟಿಂದು. ಭಾಳ ಸಾವಕಾಶ ನಡೀತೈತ್ರಿ. ನಿಮಗ ಬರೋಬರ್ ಆಗಂಗಿಲ್ಲ."

ನನಗೆ ಯಾವುದು ಬರೋಬರ್ ಎಂದು ನನಗೇ ಗೊತ್ತು. ಚಾಲೂ ಮಾಡಲು ಹೇಳಿ ಎದುರಿಗೆ ಖುರ್ಚಿ ಹಾಕಿಕೊಂಡು ಕೂತೆ. ಗುಂಯ್ ಎಂದು ಸಣ್ಣ ದನಿ. ಮೇಲಿನಿಂದ ಕಬ್ಬಿಣದ ಬೆಣೆ ಮೆಲ್ಲಗೆ ಇಳಿಯಿತು. ಬೇವಿನ ದಿಮ್ಮಿ ಒಮ್ಮೆ ನರಳಿ, ಹಳೆಯ ಮನೆಯ ಬಾಗಿಲಿನಂತೆ ನಿಧಾನ ತೆರೆದುಕೊಂಡಿತು. ಒಳಗಿನ ಕೆಂಪು ಕಂಡಿತು, ಕಹಿ ಕಂಪು ಬಂತು, ಇರುವೆಗಳ ಒಂದು ಸಾಲು ಹೊರಟಿತು. ಆ ಸಾಲು ಎಲ್ಲಿಗೆ ಹೋಯಿತೋ ನನಗೆ ಗೊತ್ತಿಲ್ಲ. ಮುಂದಿನದನ್ನು ಹೆಂಡತಿ ಹೇಳಿದ್ದು.

"ಇದನ್ನs ಕೊಡ್ರಿ," ಅಂದಳಂತೆ.

"ಅಕ್ಕಾರ, ಇದಕ್ಕ ನಾ ಗ್ಯಾರಂಟಿ ಕೊಡಂಗಿಲ್ಲ ನೋಡ್ರಿ."

"ನೀವ್ಯಾಕ ಕೊಡ್ತೀರಿ? ಗ್ಯಾರಂಟಿ ಇಲ್ಲೇ ಖುರ್ಚಿ ಮ್ಯಾಲ ಗೊರಕಿ ಹೊಡ್ಯಾಕತ್ತೈತಲ್ಲ!"

ಪೂಜೆ

ಇಷ್ಟು ದಿನ ಕೊಡಲಿ ಹಿಡಿದಿದ್ದ ನಮ್ಮ ಆಳೇ ಮಷೀನು ನಡೆಸುವವನಾದ. ಅವನು ಮೈಲಾರನ ಭಕ್ತ. ಮಷೀನಿಗೆ ಕಾಲಿನಿಂದ ತಲೆಯವರೆಗೆ ಭಂಡಾರದ ಅರಿಸಿನ ಬಳಿದ. ಪೂಜೆಗೆ ಅಯ್ಯನವರು ಬಂದರು. ಕಾಯಿ ಒಡೆಯುವ ಹೊತ್ತಿಗೆ ನನಗೊಂದು ಹುಕಿ ಬಂತು: ಕಾಯಿಯನ್ನು ಮಷೀನಿನಿಂದಲೇ ಒಡೆಯೋಣ!

ಕಾಯಿ ಇಟ್ಟೆವು. ಎಲ್ಲರೂ ಕೈ ಮುಗಿದು ನಿಂತೆವು. ಬೆಣೆ ಇಳಿಯುತ್ತಿತ್ತು, ಇಳಿಯುತ್ತಲೇ ಇತ್ತು. ಅಯ್ಯನವರ ಮಂತ್ರ ಮುಗಿಯಿತು. ಬೆಣೆಯ ಕಡೆ ನೋಡಿದರು, ಮತ್ತೆ ಮೊದಲಿನಿಂದ ಶುರು ಮಾಡಿದರು. ಅದೂ ಮುಗಿಯಿತು. ನನಗೆ ನಿಂತಲ್ಲೇ ಕಣ್ಣು ಎಳೆಯುತ್ತಿತ್ತು. ಕಾಯಿ ಒಡೆದು ನೀರು ಮುಖಕ್ಕೆ ಹಾರಿದಾಗಲೇ ಎಚ್ಚರ.

ಅಯ್ಯನವರು ಮುಖ ಒರೆಸಿಕೊಳ್ಳುತ್ತ ಹೇಳಿದರು: "ದೇವರಿಗೆ ಅವಸರಿಲ್ಲ, ಮಷೀನಿಗೆ ಅವಸರಿಲ್ಲ, ಸಾವ್ಕಾರ್ರಿಗಂತೂ ಮೊದಲs ಇಲ್ಲ. ನನಗ ಮಾತ್ರ ಇನ್ನೊಂದು ಮನಿ ವಾಸ್ತು ಪೂಜಿ ಐತ್ರಿ!"

ತೂಕ

ಮಷೀನು ನೋಡಿದರೆ ನಿದ್ದೆ ಬರುವುದು ನನಗೊಬ್ಬನಿಗೇ ಎಂದುಕೊಂಡಿದ್ದೆ. ಇಲ್ಲ. ಗಿರಾಕಿಗಳೂ ಕೂತಲ್ಲೇ ತೂಗಲು ಶುರು ಮಾಡಿದರು. ನಡೆಸುವವನು ಮಾತ್ರ ಪಾರು. ಎರಡೂ ಕೈಯಿಂದ ಎರಡೂ ಹಿಡಿಕೆ ಒತ್ತಿದರಷ್ಟೇ ಬೆಣೆ ಇಳಿಯುತ್ತದೆ. ಅವನು ತೂಕಡಿಸಿದರೆ ಅದೂ ನಿಂತುಬಿಡುತ್ತದೆ.

ಭಂಡಾರಕವಠೆ ಊರಿನ ಕುರಿಗಾರ ಹಿರಿಯರೊಬ್ಬರು ಜಾಲಿ ಕಟ್ಟಿಗೆಗೆ ಬಂದಿದ್ದರು. ತಕ್ಕಡಿ ಕಟ್ಟೆಯ ಮೇಲೆ ಕಟ್ಟಿಗೆ ಪೇರಿಸಿ, ಅದರ ಮೇಲೆಯೇ ಕೂತು ಮಷೀನು ನೋಡಿದರು. ಕಂಬಳಿಯೊಳಗೆ ಮುದುಡಿ ಮಲಗಿಬಿಟ್ಟರು. ಕಂಬಳಿಗೂ ಕಟ್ಟಿಗೆಗೂ ಬಣ್ಣ ಒಂದೇ, ನನಗೂ ಅರೆನಿದ್ದೆ. ತೂಕ ಹಿಡಿದು ಚೀಟಿ ಬರೆದೆ. ಚೀಟಿ ಕೈಗಿಟ್ಟಾಗ ಅವರಿಗೆ ಎಚ್ಚರವಾಯಿತು.

"ಅಲ್ರೀ ಸಾವ್ಕಾರ್ರ, ಇದರಾಗ ನಾನೂ ಬಂದೀನಲ್ರಿ!"

ನಾಚಿಕೆಯಿಂದ ಚೀಟಿ ತಿದ್ದಲು ಹೋದೆ. ಅವರು ಬಿಡಲಿಲ್ಲ.

"ಇರ್ಲಿ, ಇರ್ಲಿ. ಹೆಂಗೂ ತೂಗೀರಿ. ಕಟಿಗಿ ಜೋಡಿ ನನ್ನೂ ಟೆಂಪೋದಾಗ ಹಾಕಿ ಮನಿ ಮುಟ್ಟಸ್ರಿ. ಎಬ್ಬಸಬ್ಯಾಡ್ರಿ ಮತ್ತ!"

ಕರೆಂಟು

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಗುಂಯ್ ನಿಂತಿತು. ಗಾದಿಯ ಮೇಲೆ ನಾನು, ಬೆಂಚಿನ ಮೇಲೆ ಗಿರಾಕಿ, ನೆರಳಲ್ಲಿ ನಾಯಿ, ಎಲ್ಲರೂ ಒಮ್ಮೆಲೇ ಎದ್ದು ಕೂತು ಒಬ್ಬರ ಮುಖ ಒಬ್ಬರು ನೋಡಿದೆವು. ಎದುರು ಮನೆಯ ಆಜಿ ಸಿಟ್ಟಿನಿಂದ ರಸ್ತೆ ದಾಟಿ ಬಂದರು.

"ಯಾಕ ಬಂದ ಮಾಡಿದಿ? ನನಗ ಎಚ್ಚರಾತಲ್ಲ!"

"ಕರೆಂಟ್ ಹೋಗೇತ್ರಿ ಆಜಿ. ಈಗ ಬರ್ತೈತಿ."

"ಬರೂತನಕ ನಾ ಏನ್ ಮಾಡ್ಲಿ? ಸೊಸಿ ಜೋಡಿ ಮಾತಾಡ್ಲೇನು?"

ಮದುವೆ

ನಮ್ಮ ಓಣಿಯಲ್ಲಿ ಚಾದರ ವ್ಯಾಪಾರಿ ಒಬ್ಬರಿದ್ದಾರೆ. ಊರಿಗೆಲ್ಲ ಹೊದೆಯಲು ಚಾದರ ಕೊಡುವ ಆ ಮನುಷ್ಯ, ಮಗಳ ಮದುವೆ ಗೊತ್ತಾದಾಗಿನಿಂದ ಕಣ್ಣು ಮುಚ್ಚಿರಲಿಲ್ಲ. ಹತ್ತಿರದ ಮಂಗಲ ಕಾರ್ಯಾಲಯದಲ್ಲಿ ಮದುವೆ, ಗೋಧೂಳಿ ಮುಹೂರ್ತ. ಅಡುಗೆಯ ಆಚಾರಿ ಮಧ್ಯಾಹ್ನ, ಈ ದಪ್ಪ ಕಟ್ಟಿಗೆ ಹೊತ್ತುವುದಿಲ್ಲ, ಸಣ್ಣ ಸೀಳು ತರದಿದ್ದರೆ ಅನ್ನವೇ ಇಲ್ಲ ಎಂದುಬಿಟ್ಟ. ವ್ಯಾಪಾರಿ ಓಡಿ ಬಂದರು.

"ಲಗೂನ ಸೀಳ್ರಪಾ, ಮರ್ಯಾದಿ ಪ್ರಶ್ನಿ!"

"ಕಾಳಜಿ ಬಿಡ್ರಿ, ಕೂಡ್ರಿ," ಎಂದೆ. ಅದೇ ತಪ್ಪಾಯಿತು. ಕೂತರು.

ಎಷ್ಟೋ ಹೊತ್ತಿನ ಮೇಲೆ ನನಗೊಂದು ಕನಸು. ಸೀಳಿದ ಬೇವಿನ ದಿಮ್ಮಿಯೊಳಗಿಂದ ದೇವಿ ಇಳಿದು ಬರುತ್ತಿದ್ದಾಳೆ: ಅರಿಸಿನ ಹಚ್ಚಿದ ಮುಖ, ಹಣೆಗೆ ಬಾಸಿಂಗ, ಕೈ ತುಂಬ ಹಸಿರು ಬಳೆ. ಮಲಗಿದಲ್ಲೇ ಕೈ ಮುಗಿದೆ.

"ಕಾಕಾ, ಕೈ ಆಮ್ಯಾಲ ಮುಗೀರಿ. ನಮ್ಮಪ್ಪ ಎಲ್ಲಿ?"

ಮದುಮಗಳು! ಧಡಪಡಿಸಿ ಎದ್ದೆ. ಬೆಂಚಿನ ಮೇಲೆ ಬಾಯಿ ತೆರೆದುಕೊಂಡು ಅವಳ ಅಪ್ಪ. ಅಪ್ಪನನ್ನು ಕರೆಯಲು ಬಂದ ಸೋದರಮಾವ ಅವರ ಪಕ್ಕದಲ್ಲಿ. ಇಬ್ಬರನ್ನೂ ಬೈಯಲು ಬಂದ ಆಚಾರಿ, ಎದೆಯ ಮೇಲೆ ಸೌಟು ಇಟ್ಟುಕೊಂಡು ಅವರ ಪಕ್ಕದಲ್ಲಿ. ಆಳು ಬೆನ್ನು ತಿರುಗಿಸಿ ಸೀಳುತ್ತಲೇ ಇದ್ದ. ಸೀಳಿದ ಕಟ್ಟಿಗೆ ರಾಶಿ ಬಿದ್ದಿತ್ತು, ಒಯ್ಯುವವರಿಲ್ಲ.

ಹುಡುಗಿ ಸ್ವಿಚ್ಚಿಗೆ ಕೈಹಾಕಿದವಳು ಹಾಗೇ ನಿಂತಳು.

"ಲಗ್ನ ಗೊತ್ತಾದಾಗಿಂದ ಅಪ್ಪ ಮಲಗಿದ್ದು ನಾ ನೋಡೇ ಇಲ್ಲ ಕಾಕಾ. ಇನ್ನೊಂದೀಟು ಮಲಗಲಿ."

ಮೆಲ್ಲಗೆ ಅಪ್ಪನ ಪಕ್ಕ ಕೂತು ಅವರ ಹೆಗಲಿಗೆ ತಲೆಯಿಟ್ಟಳು. ನನಗೆ ಕಣ್ಣು ತುಂಬಿ ಬಂತು. ಒರೆಸಿಕೊಂಡು ನೋಡುತ್ತೇನೆ, ಅವಳ ಬಾಸಿಂಗವೂ ತೂಗುತ್ತಿದೆ! ಅನ್ನವೂ ಇಲ್ಲ, ಹೆಣ್ಣೂ ಇಲ್ಲ, ಹೊರಗೆ ಬಿಸಿಲು ಹಳದಿಯಾಗುತ್ತಿದೆ. ನಿದ್ದೆಗಾಗಿಯೇ ಮಷೀನು ತಂದ ನಾನು ಅವತ್ತು ಓಡಿಹೋಗಿ ನನ್ನ ಕೈಯಾರೆ ಅದನ್ನು ಬಂದ್ ಮಾಡಿದೆ.

ಎಲ್ಲರಿಗೂ ಒಮ್ಮೆಲೇ ಎಚ್ಚರ. ಅಪ್ಪ ಮಗಳನ್ನು ನೋಡಿ ಗಾಬರಿಯಾದರು. "ಲಗ್ನ ಮುಗೀತೇನವ್ವಾ?"

"ಇನ್ನ ಒಲಿನs ಹೊತ್ತಿಲ್ಲಪ್ಪಾ!"

"ಅಯ್ಯಯ್ಯೋ! ಅಲ್ಲಿ ಅಳಿಯಂದಿರು ಕಾದು ಕಾದು ಸಿಟ್ಟಾಗಿರಬೇಕು!"

ಆಗ ಬೇವಿನ ಕಟ್ಟಿಗೆಯ ರಾಶಿಯ ಹಿಂದಿನಿಂದ ಇನ್ನೊಂದು ಬಾಸಿಂಗ ಎದ್ದಿತು. ಮದುಮಗ! ಬೀಗರ ಗದ್ದಲ ತಾಳಲಾರದೆ ಎಲ್ಲರಿಗಿಂತ ಮೊದಲೇ ಬಂದು ಮಲಗಿದ್ದನಂತೆ. ಕಣ್ಣುಜ್ಜಿಕೊಳ್ಳುತ್ತ ಹೇಳಿದ:

"ನಾ ಇಲ್ಲೇ ಅದೀನ್ರಿ ಮಾವಾರ. ಅನ್ನ ಆಗೂತನಕ ಅದನ್ನೊಂದೀಟು ಚಾಲೂ ಮಾಡಸ್ರಿ."