ಬಡಕಲು ಜೋಡಿಯ ಜೋಳ

ಹೆಣ್ಣು ನೋಡಲು ಹೋದವರು ಹೆಣ್ಣಿಗಿಂತ ಹೆಚ್ಚಾಗಿ ಅವಳ ಅಪ್ಪ ಅಮ್ಮನನ್ನು ನೋಡಿಕೊಂಡು ಬರುವುದು ನಮ್ಮ ಕಡೆಯ ಪದ್ಧತಿ. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂದು ಹಿರಿಯರು ಹೇಳಿಬಿಟ್ಟಿದ್ದಾರೆ. ಆ ಗಾದೆಯನ್ನು ಸುಳ್ಳು ಮಾಡುವುದೇ ನನ್ನ ಕಸುಬು. ಮಾಲೂರಿನ ಹತ್ತಿರ ಒಂದು ಬೀಜದ ತೋಟದಲ್ಲಿ ಮುಸುಕಿನ ಜೋಳದ ತಳಿಗಳನ್ನು ಅಳೆದು, ಯಾವುದಕ್ಕೆ ಯಾವುದನ್ನು ಕೂಡಿಸಿದರೆ ಎಂಥ ಹೈಬ್ರಿಡ್ ಹುಟ್ಟುತ್ತದೆಂದು ಮೊದಲೇ ಹೇಳುವುದಕ್ಕೆ ನನಗೆ ಸಂಬಳ. ಒಂಥರಾ ಮದುವೆ ದಲ್ಲಾಳಿ, ಊಟ ಮಾತ್ರ ಇಲ್ಲ.

ಈ ತಂದೆತಾಯಿಗಳು ನೋಡಲು ಚೆಂದವಿಲ್ಲ. ಹೊರಗಿನ ಪರಾಗ ಸೋಕದಂತೆ ಚೀಲ ಕಟ್ಟಿ, ಅಕ್ಕನ ಮಗಳನ್ನು ಬಿಟ್ಟು ಬೇರೆ ಹೆಣ್ಣು ತರದ ಮನೆತನಗಳಿಗಿಂತ ಬಿಗಿಯಾಗಿ, ತಲೆಮಾರುಗಟ್ಟಲೆ ತಮ್ಮೊಳಗೇ ಕೂಡಿಸಿದ ಗಿಡಗಳು. ಸೊರಗಿರುತ್ತವೆ. ಹೋಳೂರಿನ ನಮ್ಮ ಅತ್ತೆ, ಹಸುಗಳ ಮೇವಿಗೆಂದು ಇಟ್ಟಿದ್ದ ಬಾವಿ ಪಕ್ಕದ ಹೊಲಕ್ಕೆ ನಾನು ಆರಿಸಿದ ಹೊಸ ಜೋಳ ಹಾಕಲು ಒಪ್ಪಿದ್ದರು. ನಾನು ಸುಮ್ಮನಿರದೆ ಜಂಬಕ್ಕೆ ಅವರನ್ನು ತೋಟಕ್ಕೆ ಕರೆತಂದು ಅದರ ಅಪ್ಪ ಅಮ್ಮನನ್ನೇ ತೋರಿಸಿದೆ.

“ಇದೇನು ಅಳಿಯಂದ್ರೇ, ಗಂಡು ನೋಡಿದ್ರೆ ಕುಳ್ಳ, ಹೆಣ್ಣು ನೋಡಿದ್ರೆ ಗಾಳಿಗೆ ಬಿದ್ದೋಗೋ ಹಂಗದೆ. ಇವಕ್ಕೆ ಹುಟ್ಟಿದ್ದನ್ನ ತಿಂದು ನನ್ನ ಹಸು ಹಾಲು ಕೊಡ್ಬೇಕಾ?”

“ಅತ್ತೆ, ಗಂಡಿನ ಬೇರು ನೋಡಿ, ಕಿತ್ತರೂ ಬರಲ್ಲ. ಹೆಣ್ಣಿನ ತೆನೆ ಉದ್ದ. ಎರಡರ ವಂಶ ಬೇರೆ ಬೇರೆ. ಮಕ್ಕಳು ನಿಮ್ಮ ತಲೆ ಮೀರಿ ಬೆಳೀತವೆ.”

ನನ್ನ ತಲೆ ಮೀರಿ ಬೆಳೆಯುವುದು ಯಾವ ಗಿಡಕ್ಕೂ ಕಷ್ಟವಲ್ಲ. ಅತ್ತೆ ಮಾತ್ರ ಎತ್ತರದ ಹೆಂಗಸು.

“ಆಯ್ತು. ಬೆಳೀಲಿಲ್ಲ ಅಂದ್ರೆ ಮೇವು ನೀವೇ ಹೊತ್ಕೊಂಡು ಬರ್ಬೇಕು” ಎಂದರು.

ಅತ್ತೆ ತಮಾಷೆಗೆ ಮಾತಾಡುವವರಲ್ಲ. ನನಗೆ ಭಯವೇ ಆಯಿತು. ತಂದೆತಾಯಿಯ ಗುಣ ನೋಡಿ ಹೇಳಿದ್ದೆಲ್ಲ ಫಲಿಸುವುದಿಲ್ಲ. ಎಂಥೆಂಥ ಒಳ್ಳೆಯ ಗುಣದ ಜೋಡಿಗಳ ಸಂತಾನ ನನ್ನ ಕಣ್ಣೆದುರೇ ಕೈಕೊಟ್ಟಿದೆ. ಭಾನುವಾರ ಬಂದರೆ ಬೆಳೆ ನೋಡಲು ಹೆಂಡತಿಯ ತವರಿಗೆ ಹೆಂಡತಿಗಿಂತ ಮುಂಚೆ ನಾನೇ ಹೊರಟು ನಿಲ್ಲುತ್ತಿದ್ದೆ.

ಜೋಳ ನನ್ನ ಮಾನ ಉಳಿಸಿತು. ಮೊದಲು ಅತ್ತೆಯ ಭುಜ ಮುಟ್ಟಿತು, ಆಮೇಲೆ ಹೊಲಕ್ಕೆ ಇಳಿದರೆ ಅತ್ತೆಯೇ ಕಾಣದಾದರು. ತೆನೆಗಳು ಮುಸುಕು ಬಿರಿಯುವಂತೆ ತುಂಬಿದವು, ಹಸುಗಳು ಕಡ್ಡಿ ಬಿಡದೆ ತಿಂದವು. ಹೋಳೂರಿನವರೆಲ್ಲ ಬೀಜ ಯಾರದೆಂದು ಕೇಳುತ್ತಿದ್ದರೆ ನಾನು ಬದುವಿನ ಮೇಲೆ ಎದೆ ಸೆಟೆಸಿ ಓಡಾಡಿದೆ.

ಕಟಾವಾದ ಮೇಲೆ ನೋಡಿದರೆ ಅತ್ತೆ, ರಾಗಿಗೆ ಮಾಡುವಂತೆಯೇ, ದಪ್ಪ ತೆನೆಗಳನ್ನು ಆರಿಸಿ ಮುಂದಿನ ಬಿತ್ತನೆಗೆಂದು ಸೂರಿಗೆ ಕಟ್ಟುತ್ತಿದ್ದಾರೆ. ಗೆದ್ದ ಹುರುಪಿನಲ್ಲಿ ನಾನು ಬಾಯಿ ಹಾಕಿದೆ.

“ಅತ್ತೆ, ಇದನ್ನ ಬಿತ್ತಿದ್ರೆ ಹಿಂಗೆ ಬರಲ್ಲ. ಮೊಮ್ಮಕ್ಕಳಲ್ಲಿ ಆ ಕುಳ್ಳು, ಆ ಬಡಕಲು ಎಲ್ಲ ತಿರುಗಿ ಬರುತ್ತೆ.”

ಅತ್ತೆ ತೆನೆ ಕೆಳಗಿಟ್ಟರು. ಜಗಲಿಯಲ್ಲಿ ಆಡುತ್ತಿದ್ದ ನನ್ನ ಮಗಳನ್ನು ನೋಡಿದರು. ಅಜ್ಜಿಯಂತೆ ನೀಳವಾಗಿ ಬೆಳೆಯುತ್ತಿರುವ ಮಗು. ಆಮೇಲೆ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಹೆಚ್ಚು ಹೊತ್ತು ಹಿಡಿಯಲಿಲ್ಲ.

“ಹಂಗಾದ್ರೆ ಅಳಿಯಂದ್ರೇ, ನಾಳೆ ಇವಳನ್ನ ನೋಡೋಕೆ ಗಂಡಿನ ಕಡೆಯೋರು ಬಂದಾಗ ನೀವು ಕೂತೇ ಇರಿ. ಎದ್ದು ನಿಲ್ಬೇಡಿ.”

ನನ್ನ ಶಾಸ್ತ್ರವನ್ನು ಇಷ್ಟು ಬೇಗ ಕಲಿತವರನ್ನು ನಾನು ಕಂಡಿಲ್ಲ. ಅಭ್ಯಾಸವಾಗಲಿ ಎಂದು ಅಲ್ಲೇ ಕೂತುಬಿಟ್ಟೆ.