ಗಂಗವ್ವನ ಪರವಾಗಿ ನಾನು

ನಮ್ಮ ದೇಶದಲ್ಲಿ ಸತ್ತವರ ಆಸ್ತಿ ಉಳಿದವರಿಗೆ ಬಂದರೆ ಅದಕ್ಕೆ ತೆರಿಗೆ ಇಲ್ಲ. ಇದು ಒಳ್ಳೆಯ ಸುದ್ದಿ. ಆದರೆ ಸತ್ತವರು ಸಾಯುವ ದಿನದವರೆಗೆ ಗಳಿಸಿದ್ದಕ್ಕೆ ಲೆಕ್ಕ ಕೊಡಬೇಕು, ಅದನ್ನು ಬದುಕಿರುವವರು ಅವರ ಪರವಾಗಿ ಕೊಡಬೇಕು. ಇದು ನನಗೆ ಗೊತ್ತಿರಲಿಲ್ಲ. ಸತ್ತರೆ ಎಲ್ಲ ಮುಗಿಯಿತು ಎಂದು ಹೇಳುವವರು ಆದಾಯ ತೆರಿಗೆ ಕಟ್ಟಿದವರಲ್ಲ ಎಂದು ಈಗ ಅನಿಸುತ್ತದೆ. ಹೀಗೆ ಲೆಕ್ಕ ಒಪ್ಪಿಸುವವನನ್ನು ಕಾನೂನು ಸತ್ತವರ ಪ್ರತಿನಿಧಿ ಎಂದು ಕರೆಯುತ್ತದೆ. ನಾನೀಗ ನನ್ನ ಹೆಂಡತಿ ಗಂಗವ್ವನ ಪ್ರತಿನಿಧಿ. ಅವಳು ಇದ್ದಾಗ ಈ ಕೆಲಸವನ್ನು ನನಗೆ ಯಾರೂ ಕೊಟ್ಟಿರಲಿಲ್ಲ. ಅವಳ ಬದಲಿಗೆ ನಾನೊಬ್ಬನೇ ಯಾರದಾದರೂ ಮದುವೆಗೆ ಹೋದರೆ ಬಾಗಿಲಲ್ಲಿ ನಿಂತವರು ನನ್ನ ಹಿಂದೆ ಇಣುಕಿ ನೋಡಿ, ‘ವೈನಿ ಎಲ್ಲಿ ಅದಾರ್ರಿ?’ ಎಂದು ಕೇಳುತ್ತಿದ್ದರು. ಬಂದಿಲ್ಲ ಎಂದರೆ ಅವರ ಮುಖ ಸಣ್ಣದಾಗುತ್ತಿತ್ತು. ನಾನು ಬಂದದ್ದು ಲೆಕ್ಕಕ್ಕೇ ಇರುತ್ತಿರಲಿಲ್ಲ.

ಬನಹಟ್ಟಿಯಲ್ಲಿ ನಮ್ಮದು ನಾಲ್ಕು ಮಗ್ಗದ ಸಣ್ಣ ಶೆಡ್ಡು. ಕರೆಂಟಿನ ಮಗ್ಗಗಳು, ಹತ್ತಿಯ ಸೀರೆ ನೇಯುತ್ತವೆ. ನಾಲ್ಕೂ ಮಗ್ಗ, ಶೆಡ್ಡು, ಮೀಟರು ಎಲ್ಲವೂ ಗಂಗವ್ವನ ಹೆಸರಿನಲ್ಲಿದ್ದವು. ಮೊದಲನೆಯ ಮಗ್ಗವನ್ನು ನಮ್ಮ ಮದುವೆಯ ಹೊಸದರಲ್ಲಿ ನನ್ನ ಮಾವನವರು ಮಗಳಿಗೆಂದು ಕೊಟ್ಟಿದ್ದರು. ಬೇರೆಯವರು ಬಂಗಾರ ಕೊಡುವಾಗ ಅವರು ಮಗ್ಗ ಕೊಟ್ಟರು. ಬಂಗಾರವನ್ನು ಅಳಿಯ ಒತ್ತೆ ಇಡಬಹುದು, ಮಗ್ಗವನ್ನು ಹೊತ್ತುಕೊಂಡು ಎಲ್ಲಿಗೆ ಹೋದಾನು ಎಂಬ ಲೆಕ್ಕವಿತ್ತೋ ಏನೋ. ಮುಂದಿನ ಮಗ್ಗಗಳನ್ನು ತಂದಾಗ, ಹೆಂಡತಿಯ ಹೆಸರಿನಲ್ಲಿದ್ದರೆ ತೆರಿಗೆ ಕಡಿಮೆ ಎಂದು ಚಹಾದ ಅಂಗಡಿಯಲ್ಲಿ ಕೂತವರು ಹೇಳಿದರು. ನಾನು ಹಾಗೇ ಮಾಡಿದೆ. ನಮ್ಮ ಓಣಿಯಲ್ಲಿ ಬಹಳ ಮಂದಿ ಹಾಗೇ ಮಾಡಿದ್ದಾರೆ. ಗಂಡಸರು ಶೆಡ್ಡಿನ ಮುಂದೆ ಮಾಲಕರ ಹಾಗೆ ನಿಂತಿರುತ್ತಾರೆ, ಮಾಲಕಿ ಒಳಗೆ ಕೂತು ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತುತ್ತಿರುತ್ತಾಳೆ. ಯಾರಾದರೂ ಕೇಳಿದರೆ ನಾನು ಮೀಸೆ ತಿರುವಿ, ‘ಹೆಸರಿಗಷ್ಟ ಆಕಿದು’ ಎನ್ನುತ್ತಿದ್ದೆ. ಗಂಗವ್ವ ನೂಲಿನಿಂದ ತಲೆ ಎತ್ತದೆ, ‘ಹೌದ್ರಿ, ಹೆಸರ ನಂದು, ಮೀಸಿ ಅವರದು’ ಎನ್ನುತ್ತಿದ್ದಳು.

ಹೋದ ಚಳಿಗಾಲದಲ್ಲಿ ಒಂದು ಮುಂಜಾನೆ ಅವಳು ಕಂಡಿಕೆ ಸುತ್ತುತ್ತಿದ್ದವಳು, ಎದೆ ಹಿಡಿದಂಗಾಗೇತಿ, ಸ್ವಲ್ಪ ಅಡ್ಡಾಗತೇನಿ ಎಂದು ಒಳಗೆ ಹೋದಳು. ನಾನು ನೀರು ತೆಗೆದುಕೊಂಡು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಮ್ಮ ಓಣಿಯಲ್ಲಿ ಸಾವಾದರೆ ಎಲ್ಲರೂ ಮಗ್ಗ ನಿಲ್ಲಿಸುತ್ತಾರೆ. ಡಂಗುರ ಬೇಕಿಲ್ಲ, ಫೋನು ಬೇಕಿಲ್ಲ. ಒಂದು ಮನೆಯ ಸದ್ದು ನಿಲ್ಲುತ್ತದೆ, ಆಮೇಲೆ ಪಕ್ಕದ ಮನೆಯದು, ಆಮೇಲೆ ಎದುರಿನದು. ಹುಟ್ಟಿದಾಗಿನಿಂದ ಆ ಖಟಖಟ ಸದ್ದಿನಲ್ಲೇ ಇರುವ ನಮಗೆ ಅದು ನಿಂತಾಗಲೇ ಕಿವಿ ಕೇಳಿಸುವುದು. ಅವತ್ತು ನಿಲ್ಲಿಸಿದ ಮೊದಲ ಮಗ್ಗ ಗಂಗವ್ವನದೇ, ತವರಿನವರು ಕೊಟ್ಟದ್ದು. ಅದನ್ನು ನಿಲ್ಲಿಸಿದವನು ನಾನೇ. ಮಣ್ಣು ಮಾಡಿ ಬಂದ ಮೇಲೆ ಓಣಿಯ ಮಗ್ಗಗಳು ಒಂದೊಂದಾಗಿ ಶುರುವಾದವು. ದಿನಕರ್ಮ ಮುಗಿದ ಮೇಲೆ ನಮ್ಮ ಉಳಿದ ಮೂರೂ ಶುರುವಾದವು. ಅದೊಂದನ್ನು ಮಾತ್ರ ನಾನು ಶುರು ಮಾಡಲಿಲ್ಲ. ಅದರ ಮೇಲೆ ಅರ್ಧ ನೇಯ್ದ ಒಂದು ಹಸಿರು ಸೀರೆ ಹಾಗೇ ಇತ್ತು. ಯಾಕೆ ಬಂದ್ ಆಗಿದೆ ಎಂದು ಯಾರಾದರೂ ಕೇಳಿದರೆ ಒಬ್ಬರಿಗೆ ಮೋಟಾರು ಸುಟ್ಟಿದೆ ಎಂದೆ, ಇನ್ನೊಬ್ಬರಿಗೆ ನೂಲು ಬಂದಿಲ್ಲ ಎಂದೆ. ಸಣ್ಣ ಊರಿನಲ್ಲಿ ಎರಡು ಸುಳ್ಳು ಹೇಳಬಾರದು. ಅವು ಸಂಜೆಯೊಳಗೆ ಚಹಾದ ಅಂಗಡಿಯಲ್ಲಿ ಭೇಟಿಯಾಗುತ್ತವೆ.

ಲೆಕ್ಕ ಕೊಡುವ ಸಮಯ ಬಂತೆಂದು ಜಮಖಂಡಿಗೆ ಹೋದೆ. ಕೋರ್ಟಿನ ಹತ್ತಿರ ತೆರಿಗೆಯ ಕೆಲಸ ನೋಡುವ ವಕೀಲರೊಬ್ಬರು ಇದ್ದಾರೆ. ನನ್ನ ಮಗಳ ವಯಸ್ಸಿನವರು, ನನಗೆ ಕಾಕಾ ಎನ್ನುತ್ತಾರೆ. ಮರಣದ ದಾಖಲೆ, ವಂಶಾವಳಿ ಎಲ್ಲ ನೋಡಿ, ‘ಕಾಕಾ, ಈ ವರ್ಷ ಎರಡ ತುಂಡ ಮಾಡೂದ್ರಿ. ಅವರು ತೀರಿದ ದಿನದ ತನಕ ಬಂದದ್ದು ಅವರ ಲೆಕ್ಕ, ಅವರ ಪರವಾಗಿ ನೀವ ಕೊಡಬೇಕು. ಅಲ್ಲಿಂದ ಮುಂದಿನದು ವಾರಸದಾರರದು’ ಎಂದರು. ನಾನು ತಲೆಯಾಡಿಸಿದೆ.

‘ಮಗ್ಗ ಯಾರ ರೊಕ್ಕದಾಗ ತಗೊಂಡಿದ್ರಿ?’

‘ಮೊದಲನೇದ್ದ ಮಾವನವರ ಕೊಟ್ಟಿದ್ರು. ಉಳಿದೂ ಅದರ ದುಡಿಮಿದಾಗ ಬಂದೂ. ಆದ್ರ ಹೆಸರಿಗಷ್ಟ ಆಕಿದ್ವು ನೋಡ್ರಿ.’

‘ಹಂಗ ಅನಬ್ಯಾಡ್ರಿ ಕಾಕಾ,’ ಎಂದು ವಕೀಲರು ಗಾಬರಿಯಾದರು. ‘ನಿಮ್ಮ ರೊಕ್ಕಾ ಹಾಕಿ ತೆರಿಗಿ ಉಳಸಾಕಂತ ಹೆಂಡತಿ ಹೆಸರಿಗೆ ಮಾಡಿದ್ರ ಅದರ ಉತ್ಪನ್ನ ತಿರುಗಿ ನಿಮ್ಮ ಲೆಕ್ಕಕ್ಕ ಬರತೈತಿ. ಆ ಯುಕ್ತಿ ಕಾನೂನಿನಾಗ ನಡಿಯಂಗಿಲ್ಲ. ನಿಮ್ಮ ನಸೀಬ ಛಲೋ ಐತಿ, ಇದು ಖರೇನ ಅವರದು. ಮಗ್ಗಾ ಅವರದು, ದುಡಿಮಿ ಅವರದು.’

‘ಹಂಗಾರ ನಾ ಏನ್ರಿ?’

‘ನೀವ ಅಲ್ಲಿ ಏನ್ ಮಾಡತಿದ್ರಿ?’

‘ನೇಯತಿದ್ದೆ. ಮಾಲು ಒಯ್ತಿದ್ದೆ. ಎಲ್ಲಾ ನೋಡಕೋತಿದ್ದೆ.’

‘ಪಗಾರ ಎಷ್ಟ ತಗೋತಿದ್ರಿ?’

ಪಗಾರ! ಬಂದದ್ದನ್ನೆಲ್ಲ ಅವಳ ಕೈಗೆ ಕೊಡುತ್ತಿದ್ದೆ, ಬೆಳಿಗ್ಗೆ ಚಹಾಕ್ಕೆ ಚಿಲ್ಲರೆ ಕೇಳಿ ಇಸಿದುಕೊಳ್ಳುತ್ತಿದ್ದೆ ಎಂದೆ. ವಕೀಲರು ಪೆನ್ನು ಕೆಳಗಿಟ್ಟು, ‘ಅದನ್ನ ಪಗಾರ ಅಂತ ಬರಿಯಾಕ ಬರಂಗಿಲ್ರಿ’ ಎಂದರು. ಇಷ್ಟು ವರ್ಷ ನಾನು ಹೆಸರಿಗೆ ಮಾಲಕನಾಗಿದ್ದೆ, ಅವಳು ನಿಜಕ್ಕೆ ಎಂದು ಆ ಕುರ್ಚಿಯ ಮೇಲೆ ಕೂತು ತಿಳಿದುಕೊಂಡೆ. ತಿಳಿದು ನನಗೆ ದುಃಖವಾಗಲಿಲ್ಲ. ಇದನ್ನು ಮನೆಗೆ ಹೋಗಿ ಅವಳಿಗೆ ಹೇಳಬೇಕು, ಎಷ್ಟು ನಗುತ್ತಾಳೋ ಎಂದು ಅನಿಸಿತು. ಹಾಗೆ ಅನಿಸಿದ ಮೇಲೆ ದುಃಖವಾಯಿತು.

‘ಇನ್ನೊಂದ ಐತ್ರಿ,’ ಎಂದರು ವಕೀಲರು. ‘ಆ ದಿನ ಶೆಡ್ಡಿನಾಗ ಇದ್ದ ಮಾಲಿನ ಲೆಕ್ಕಾ ಬೇಕು. ನೂಲ ಎಷ್ಟಿತ್ತು, ತಯಾರ ಸೀರಿ ಎಷ್ಟು, ಮಗ್ಗದ ಮ್ಯಾಲ ಅರ್ಧಾ ಆದವು ಎಷ್ಟು, ಅವುಗಳ ಕಿಮ್ಮತ್ತು.’ ನೂಲು ಹೇಳಿದೆ. ತಯಾರಾದ ಸೀರೆ ಹೇಳಿದೆ. ಉಳಿದ ಮೂರು ಮಗ್ಗದ ಮೇಲಿದ್ದವನ್ನೂ ಹೇಳಿದೆ. ಹಸಿರು ಸೀರೆಯ ಕಿಮ್ಮತ್ತು ಮಾತ್ರ ಹೇಳಲಿಲ್ಲ. ಅದು ಇನ್ನೂ ಮಗ್ಗದ ಮೇಲೇ ಇದೆ ಎಂದೆ. ‘ಇನ್ನೂ?’ ಎಂದವರು ನನ್ನ ಮುಖ ನೋಡಿದರು. ಫ್ಯಾನಿನ ವೇಗ ಹೆಚ್ಚಿಸಿ, ‘ಇರಲಿ ಬಿಡ್ರಿ, ಅದನ್ನ ಮುಂದಿನ ಸಲ ಹೇಳ್ರಿ’ ಎಂದರು. ಆದರೆ ನಾನು ಏಳುವಾಗ ಮೆತ್ತಗೆ ಒಂದು ಮಾತು ಸೇರಿಸಿದರು. ಗಂಡನಿಗೂ ಮಕ್ಕಳಿಗೂ ಪಾಲು ಸಮಸಮ. ನಮಗೆ ಒಬ್ಬಳೇ ಮಗಳಾದ್ದರಿಂದ ನನಗೆ ಅರ್ಧ, ಅವಳಿಗೆ ಅರ್ಧ. ಮಗ್ಗ ನಡೆಸುವುದೋ ಮಾರುವುದೋ ಇನ್ನು ನಾನೊಬ್ಬನೇ ತೀರ್ಮಾನ ಮಾಡುವ ಹಾಗಿಲ್ಲ.

ಇದಕ್ಕೆ ನನಗೆ ಭಯವಾಗಲಿಲ್ಲ. ನಮ್ಮ ಕಡೆ ಹೆಣ್ಣುಮಕ್ಕಳು ತವರಿನ ಆಸ್ತಿಗೆ ಸಹಿ ಮಾಡಿಕೊಟ್ಟು ಹೋಗುವುದು ರೂಢಿ. ಹೋಳಿಗೆ ಊಟ ಹಾಕಿ, ಸೀರೆ, ಖಣ ಕೊಟ್ಟು, ಹಕ್ಕು ಬಿಟ್ಟ ಕಾಗದಕ್ಕೆ ಸಹಿ ಮಾಡಿಸುತ್ತಾರೆ. ಅರ್ಧ ಶೆಡ್ಡಿಗೆ ಒಂದು ಸೀರೆ. ಸೀರೆ ನೇಯುವವರಿಗೆ ಇದರಷ್ಟು ಸೋವಿ ವ್ಯವಹಾರ ಇನ್ನೊಂದಿಲ್ಲ. ಸಾವಳಗಿಗೆ ಕೊಟ್ಟ ಮಗಳು ಸವಿತಾಳನ್ನು ಕರೆಸಿದೆ. ಹೋಳಿಗೆ ಮಾಡಲು ನನಗೆ ಬರುವುದಿಲ್ಲ. ಸಹಿ ಮಾಡಬೇಕಾದವಳೇ ಬಂದು ಹೂರಣ ರುಬ್ಬಿ ಹೋಳಿಗೆ ಮಾಡಿ ನನಗೆ ಬಡಿಸಿದಳು. ಊಟವಾದ ಮೇಲೆ ನಾನು ಗಂಟಲು ಸರಿಮಾಡಿಕೊಂಡು ವಿಷಯ ತೆಗೆದೆ. ಅವಳು ಎದ್ದು ಶೆಡ್ಡಿಗೆ ಹೋದಳು. ನಾನೂ ಹಿಂದೆ ಹೋದೆ. ಹಸಿರು ಸೀರೆಯ ಮೇಲಿನ ಧೂಳನ್ನು ಬೆರಳಿಂದ ಒರೆಸಿ ನೋಡಿ, ‘ನಾ ಸಹಿ ಮಾಡಂಗಿಲ್ಲಪ್ಪ’ ಎಂದಳು.

‘ಯಾಕ ಬೇ? ಅಳಿಯಂದಿರು ಏನರ ಅಂದ್ರೇನು?’

‘ಅವರ ಯಾಕ ಅಂತಾರ? ಶೆಡ್ಡ ಇಬ್ಬರ ಹೆಸರಿಲೆ ಇರಲಿ. ಮೂರ ಮಗ್ಗಾ ನಿಮಗಿರಲಿ. ಅವ್ವನ ಮಗ್ಗಾ ನನ್ನ ಪಾಲಿಗೆ ಬರಲಿ.’

ಹಳೆಯ ಮಗ್ಗಗಳು ಹೇಗೆ ಹೋಗುತ್ತವೆ ಎಂದು ನನಗೆ ಗೊತ್ತು. ಗುಜರಿಯವರು ಬಂದು ಬಿಚ್ಚಿ, ಕಬ್ಬಿಣದ ತೂಕಕ್ಕೆ ಹಾಕಿಕೊಂಡು ಹೋಗುತ್ತಾರೆ. ‘ಒಯ್ದು ಏನ್ ಮಾಡ್ತಿ? ಸಾವಳಗ್ಯಾಗ ಕಬ್ಬಿನ ಹೊಲದಾಗ ಇಡ್ತಿ?’ ಎಂದು ಕೇಳಿದೆ. ದನಿ ಎತ್ತಿ ಕೇಳಬೇಕೆಂದಿದ್ದೆ, ಬೇಡಿಕೊಂಡ ಹಾಗೆ ಕೇಳಿಸಿತು.

‘ಒಯ್ತೇನಿ ಅಂತ ಯಾರ ಅಂದ್ರು? ಇಲ್ಲೇ ಇರಲಿ. ಆದ್ರ ಹಿಂಗ ಬಂದ್ ಇರಬಾರದು. ನಿಮ್ಮ ಮಗ್ಗಾ ಆದ್ರ ನೀವು ಅದರ ಮುಂದ ಕುಂತ ಅಳಕೋತ ಇರ್ರಿ, ನಾ ಕೇಳಂಗಿಲ್ಲ. ನಂದಾದ್ರ ನಡೀಬೇಕು.’ ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ‘ದೀಪಾ ಹಚ್ಚಿದ ಮ್ಯಾಲ ನೀವ ಇಲ್ಲಿ ಬಂದ ಕೂಡ್ತೀರಿ ಅಂತ ಓಣ್ಯಾನವರು ಫೋನ್ ಮಾಡಿ ಹೇಳ್ಯಾರ. ಮೋಟಾರ ಸುಟ್ಟೈತಿ ಅಂತಲ್ಲ, ನೋಡೂಣು ಸ್ವಿಚ್ ಹಾಕ್ರಿ.’

ಮೋಟಾರು ಸುಟ್ಟಿರಲಿಲ್ಲ. ಎಣ್ಣೆ ಬಿಟ್ಟೆ, ಹರಿದ ಎಳೆಗಳನ್ನು ಗಂಟು ಹಾಕಿದೆ. ಲಾಳಿಗೆ ಕಂಡಿಕೆ ಬೇಕಿತ್ತು. ಗಂಗವ್ವ ಅವತ್ತು ಸುತ್ತಿಟ್ಟ ಹಸಿರು ಕಂಡಿಕೆಗಳು ಬುಟ್ಟಿಯಲ್ಲಿ ಹಾಗೇ ಇದ್ದವು. ಅವನ್ನು ಖರ್ಚು ಮಾಡಲು ನನಗೆ ಮನಸ್ಸಿರಲಿಲ್ಲ. ಸವಿತಾ ಒಂದನ್ನು ತೆಗೆದು ಲಾಳಿಗೆ ಸಿಕ್ಕಿಸಿ ನನ್ನ ಕೈಗಿಟ್ಟಳು. ‘ನೇಯಾಕಂತನ ಸುತ್ತ್ಯಾಳ ಅವ್ವ’ ಎಂದಳು. ಹಿಡಿಕೆ ಎಳೆದೆ. ಮಗ್ಗ ಒಂದು ಸಲ ಕೆಮ್ಮಿದಂತೆ ಮಾಡಿ ಹೊರಟಿತು. ಎದುರು ಮನೆಯವರು ತಮ್ಮ ಮಗ್ಗ ಬಿಟ್ಟು ಬಾಗಿಲಿಗೆ ಬಂದು ನೋಡಿ ಒಳಗೆ ಹೋದರು.

ಸೀರೆ ಮರುದಿನ ಮಗ್ಗದಿಂದ ಇಳಿಯಿತು. ತಿಂಗಳುಗಟ್ಟಲೆ ನಿಂತ ಮಗ್ಗವನ್ನು ಶುರು ಮಾಡಿದರೆ ಬಟ್ಟೆಯಲ್ಲಿ ಆ ಜಾಗದಲ್ಲಿ ಅಡ್ಡಲಾಗಿ ಒಂದು ಗೆರೆ ಬೀಳುತ್ತದೆ, ಎಷ್ಟು ಜಾಣ ನೇಕಾರನಾದರೂ ತಪ್ಪಿಸಲಾಗುವುದಿಲ್ಲ. ಸೀರೆಯ ನಡುವೆ ಸರಿಯಾಗಿ ಅಂಥ ಗೆರೆ ಬಿದ್ದಿತ್ತು. ಗೆರೆಯ ಈಚೆ ಗಂಗವ್ವನ ಲೆಕ್ಕ, ಆಚೆ ವಾರಸದಾರರದು. ವಕೀಲರು ಬಾಯಿಯಲ್ಲಿ ಹೇಳಿದ್ದನ್ನು ಮಗ್ಗ ನೇಯ್ದು ತೋರಿಸಿತ್ತು. ಅಂಗಡಿಯವರು ಇಂಥದ್ದನ್ನು ಕಡಿಮೆ ದರಕ್ಕೆ ಕೇಳುತ್ತಾರೆ. ಇಂಥ ಗೆರೆ ಬಿಟ್ಟ ಕೆಲಸದವರಿಗೆ ನಾನು ಬೈದದ್ದೂ ಇದೆ. ಈಗ ಗೆರೆ ಬಿಟ್ಟವನು ನಾನೇ, ಬೈಯಬೇಕಾದ ಮಾಲಕಿ ನನ್ನ ಮಗಳು. ಅವಳು ಗೆರೆಯ ಮೇಲೆ ಅಂಗೈ ಆಡಿಸಿ, ಸೀರೆಯನ್ನು ಮಡಚಿ ತನ್ನ ಚೀಲದಲ್ಲಿಟ್ಟುಕೊಂಡು ಸಾವಳಗಿಯ ಬಸ್ಸು ಹತ್ತಿದಳು.

ವಾರದ ಮೇಲೆ ವಕೀಲರು ಫೋನು ಮಾಡಿದರು. ‘ಕಾಕಾ, ಆ ಅರ್ಧಾ ಸೀರಿದ್ದ ಏನಾತ್ರಿ?’

‘ಪೂರಾ ಆತ್ರಿ. ಮಗಳು ಉಡಾಕ ಒಯ್ದಾಳ.’

‘ಛಲೋ ಆತು ಬಿಡ್ರಿ. ಆದ್ರ ಮಾಲಕರು ಮಾಲನ್ನ ಸ್ವಂತಕ್ಕ ಒಯ್ದ್ರ ಅದನ್ನೂ ಲೆಕ್ಕದಾಗ ತೋರಸಬೇಕಾಗತೈತ್ರಿ. ಅಕ್ಕಾರಿಗೆ ಒಂದ ಮಾತ ಹೇಳ್ರಿ’ ಎಂದರು.

ನೀವೇ ಹೇಳಿ ಎಂದೆ. ನಾನು ಅಲ್ಲಿ ಬರೀ ಕೆಲಸದವನು, ಮಾಲಕಿಗೆ ಲೆಕ್ಕ ಕೇಳುವುದು ನನ್ನ ಕೆಲಸವಲ್ಲ ಎಂದೆ. ವಕೀಲರು ಬಹಳ ಹೊತ್ತು ನಕ್ಕರು. ನನಗೂ ನಗು ಬಂತು, ಆದರೆ ಫೋನು ಬೇಗ ಇಟ್ಟೆ. ಮಗ್ಗ ಬಿಟ್ಟು ಮಾತನಾಡುತ್ತ ನಿಲ್ಲುವವರನ್ನು ಕಂಡರೆ ಹೊಸ ಮಾಲಕಿಗೆ ಆಗುವುದಿಲ್ಲ, ಮತ್ತು ಓಣಿಯವರೆಲ್ಲರ ಬಳಿ ಅವಳ ನಂಬರು ಇದೆ.