ಎಲ್ಲಿಗೆ ಎಂದು ಕೇಳಬಾರದು

ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಬಾರದು; ಕೇಳಿದರೆ ಹೋದ ಕೆಲಸ ಆಗುವುದಿಲ್ಲ. ಇದು ಲಷ್ಕರ್ ಮೊಹಲ್ಲಾದಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಎಲ್ಲರೂ ಕೇಳುತ್ತಿದ್ದರು. ಕೇಳಿಸಿಕೊಂಡವನು ಮನೆಯೊಳಕ್ಕೆ ಹಿಂದಿರುಗಿ, ಒಂದು ಗಳಿಗೆ ಕೂತು, ಒಂದು ಲೋಟ ನೀರು ಕುಡಿದು ಮತ್ತೆ ಹೊರಡಬೇಕು. ಹಾಗೆ ಕೂತವರು ಮತ್ತೆ ಏಳದೆ ಹೋದದ್ದರಿಂದಲೇ ದಿಕ್ಸೂಚಿ ಸಂಘಕ್ಕೆ ಈ ಗತಿ ಬಂದಿತೆಂದು ಅದರ ಕಾರ್ಯದರ್ಶಿ ಯೇಸುದಾಸನ ಅಭಿಪ್ರಾಯ.

ಸ್ಕೌಟು ಹುಡುಗರು ಮಾಡುವುದನ್ನು ಸಂಸಾರಸ್ಥರೇಕೆ ಮಾಡಬಾರದು ಎಂದು ಶುರುವಾದ ಸಂಘ ಅದು. ತಿಂಗಳಿಗೊಂದು ಭಾನುವಾರ ಊರಾಚೆ ಪಶ್ಚಿಮದ ಬಯಲಿನಲ್ಲಿ ಬಾವುಟಗಳನ್ನು ನೆಟ್ಟಿರುತ್ತಾರೆ. ಸದಸ್ಯರು ನಕ್ಷೆ ನೋಡಿಕೊಂಡು ಅವನ್ನು ಹುಡುಕಬೇಕು. ಯಾರನ್ನೂ ದಾರಿ ಕೇಳಕೂಡದು. ಮೊದಲ ಸಭೆಯಲ್ಲಿ ನಿಲ್ಲಲು ಜಾಗವಿರಲಿಲ್ಲ, ಏಕೆಂದರೆ ಫೋಟೋ ತೆಗೆಯುತ್ತಾರೆಂಬ ಸುದ್ದಿಯಿತ್ತು. ಫೋಟೋ ಕೈಗೆ ಬಂದ ಮೇಲೆ ಅರ್ಧ ಜನ ಕರಗಿದರು. ಉಳಿದವರಲ್ಲಿ ಕೆಲವರನ್ನು ಹೊಸ ಬೂಟು ಕಚ್ಚಿತು, ಕೆಲವರನ್ನು ‘ಎಲ್ಲಿಗೆ’ ತಡೆಯಿತು. ಕೊನೆಗೆ ಉಳಿದವರು ಇಬ್ಬರು: ಅಧ್ಯಕ್ಷ ಕೃಷ್ಣಸ್ವಾಮಿ ರಾಯರು ಮತ್ತು ಯೇಸುದಾಸ. ರಾಯರು ಅರಮನೆಯ ಕಛೇರಿಯಿಂದ ನಿವೃತ್ತರಾದವರು. ಭಾನುವಾರ ಪಶ್ಚಿಮಕ್ಕೆ ಶೂಲೆ, ಆ ದಿಕ್ಕಿಗೆ ಹೊರಡಬಾರದೆಂದು ಪಂಚಾಂಗ ಹೇಳುವುದರಿಂದ ಅವರು ಸ್ವಂತ ಜಗಲಿಯನ್ನು ಬಿಟ್ಟು ಇಳಿದವರಲ್ಲ.

“ಈ ಭಾನುವಾರವೂ ಯಾರೂ ಬರದಿದ್ದರೆ ಮುಚ್ಚಿಬಿಡೋಣ, ಕಾರ್ಯದರ್ಶಿಗಳೇ,” ಎಂದು ರಾಯರು ಹೇಳಿಬಿಟ್ಟಿದ್ದರು.

ಯೇಸುದಾಸನಿಗೆ ಎದೆ ಧಸಕ್ಕೆಂದದ್ದು ಸಂಘ ಮುಚ್ಚುವ ಮಾತಿಗಲ್ಲ, ಆ ಕೊನೆಯ ಪದಕ್ಕೆ. ಕಛೇರಿಯಲ್ಲಿ ಅವನು ‘ಏನಯ್ಯಾ’. ಬೀದಿಯಲ್ಲಿ ‘ಫಿಲೋಮಿನಮ್ಮನ ಯಜಮಾನ’. ಇಡೀ ಮೈಸೂರಿನಲ್ಲಿ ಅವನನ್ನು ಬಹುವಚನದಲ್ಲಿ, ಪದವಿ ಸಮೇತ ಕರೆಯುತ್ತಿದ್ದದ್ದು ರಾಯರ ಜಗಲಿಯ ಮೇಲೆ ಮಾತ್ರ. ಅದೊಂದು ಹೋದರೆ ಉಳಿಯುವುದು ಬರೀ ಯೇಸುದಾಸ. ಆ ಮನುಷ್ಯನ ಬಗ್ಗೆ ಅವನಿಗೇ ಅಷ್ಟು ಗೌರವವಿರಲಿಲ್ಲ.

ಆ ಭಾನುವಾರ ಚರ್ಚಿನಲ್ಲಿ ಮೊದಲನೇ ಪೂಜೆ ಮುಗಿಸಿ ಬಂದವನೇ ಬಾವುಟ ನೆಡಲು ಹೊರಟ. ಕಳೆದ ಸಲ ನೆಟ್ಟ ಬಿದಿರುಕಡ್ಡಿಗಳನ್ನು ಯಾರೋ ಅವರೆಬಳ್ಳಿಗೆ ಆಸರೆಯಾಗಿ ಕೊಟ್ಟಿದ್ದರು. ಅದಕ್ಕೆ ಈ ಸಲ ಕಬ್ಬಿಣದ ಸರಳು ತಂದು ಕೆಂಪು ಬಟ್ಟೆ ಕಟ್ಟಿದ್ದ. ಹೊಸಿಲು ದಾಟಿದನೋ ಇಲ್ಲವೋ, ಎದುರು ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಸಿದ್ದಲಿಂಗಮ್ಮ ತಲೆಯೆತ್ತಿದಳು.

“ಎಲ್ಲಿಗಪ್ಪಾ ಒಂಟ್ಬುಟ್ಟೆ, ಬಾವುಟ ಇಡ್ಕಂಡು?”

ಯೇಸುದಾಸ ಕ್ರೈಸ್ತ. ಇಂಥದ್ದನ್ನೆಲ್ಲ ಅವನು ನಂಬುವುದಿಲ್ಲ. ನಂಬದೆಯೇ ಒಳಗೆ ಹೋಗಿ, ನಂಬದೆಯೇ ಕೂತು, ನಂಬದೆಯೇ ಒಂದು ಲೋಟ ನೀರು ಕುಡಿದ. ಕುಡಿಯುವಾಗ ಕೈಲಿದ್ದ ನಕ್ಷೆಯನ್ನು ಹಂಡೆಯ ಮುಚ್ಚಳದ ಮೇಲಿಟ್ಟ. ಅದು ಅಲ್ಲಿಯೇ ಉಳಿಯಿತು.

ಅಡುಗೆಮನೆಯಿಂದ ಫಿಲೋಮಿನಾ ಕೂಗಿದಳು. “ಊಟದ ಹೊತ್ತಿಗೆ ಬಂದ್ಬುಡಿ. ಮಾಂಸದ ಸಾರು ಮಾಡ್ತಿದೀನಿ.”

ಇನ್ನೊಬ್ಬರ ‘ಎಲ್ಲಿಗೆ’ ಬೇಡವೆಂದು ಯೇಸುದಾಸ ಹಿತ್ತಲ ಸಂದಿಗಳಲ್ಲಿ ನುಸುಳಿದ. ಹೋಗಬೇಕಾದದ್ದು ಪಶ್ಚಿಮಕ್ಕೆ, ಕುಂಬಾರಕೊಪ್ಪಲಿನ ಆಚೆಯ ಬಯಲಿಗೆ. ನಕ್ಷೆಯಿಲ್ಲವೆಂದು ಗೊತ್ತಾದಾಗ ಅವನಿಗೆ ಒಂದು ಬಗೆಯ ಹೆಮ್ಮೆಯೇ ಆಯಿತು. ದಿಕ್ಸೂಚಿ ಇದೆಯಲ್ಲ. ಸರಳುಗಳ ಕಟ್ಟನ್ನು ಬಲಗಂಕುಳಲ್ಲಿ ಇರುಕಿಕೊಂಡು, ಎಡಗೈಯಲ್ಲಿ ದಿಕ್ಸೂಚಿ ಹಿಡಿದು ನಡೆದ. ಹತ್ತಿರ ಕಬ್ಬಿಣವಿದ್ದರೆ ದಿಕ್ಸೂಚಿಯ ಮುಳ್ಳು ಅತ್ತಲೇ ತಿರುಗುತ್ತದೆಂದು ಮೊದಲ ಸಭೆಯಲ್ಲಿ ಭಾಷಣ ಮಾಡಿದವನು ಅವನೇ. ಆದರೆ ಭಾಷಣ ಮಾಡುವುದು ಬೇರೆಯವರಿಗಾಗಿ.

ಮುಳ್ಳು ಅವನ ಬಲಗಂಕುಳನ್ನೇ ಉತ್ತರವೆಂದು ತೋರಿಸುತ್ತ ಬಂತು. ಬಲಕ್ಕೆ ಉತ್ತರವಿದ್ದರೆ ಎದುರಿಗೆ ಪಶ್ಚಿಮ. ಹೀಗಾಗಿ ಯೇಸುದಾಸ ಎತ್ತ ತಿರುಗಿದರೂ ಪಶ್ಚಿಮಕ್ಕೇ ನಡೆಯುತ್ತಿದ್ದ. ಇಷ್ಟು ನೆಟ್ಟಗೆ ತಾನು ಯಾವತ್ತೂ ನಡೆದಿಲ್ಲವೆನ್ನಿಸಿತು. ಅಲ್ಲೊಂದು ಇಲ್ಲೊಂದು ಬಾವುಟ ನೆಡುತ್ತ ಸಾಗಿದ.

ಮೈಸೂರಿನಲ್ಲಿ ದಾರಿ ತಪ್ಪುವುದು ಸುಲಭದ ಕೆಲಸವಲ್ಲ. ಎಲ್ಲಿ ನಿಂತರೂ ಚಾಮುಂಡಿ ಬೆಟ್ಟ ಕಾಣುತ್ತದೆ. ಎಮ್ಮೆಗಳು ಕೂಡ ಅದನ್ನು ನೋಡಿಕೊಂಡೇ ಮನೆಗೆ ಬರುತ್ತವೆ. ಬೆನ್ನ ಹಿಂದಿರಬೇಕಾದ ಆ ಬೆಟ್ಟ ಈಗ ಯೇಸುದಾಸನ ಎದುರಿಗೇ ನಿಂತಿತ್ತು. ಅವನು ಬೆಟ್ಟವನ್ನು ನೋಡಿದ, ದಿಕ್ಸೂಚಿಯನ್ನು ನೋಡಿದ. ಎರಡರಲ್ಲಿ ಒಂದು ಸುಳ್ಳು ಹೇಳುತ್ತಿದೆ. ದಿಕ್ಸೂಚಿ ಜರ್ಮನಿಯಲ್ಲಿ ತಯಾರಾದದ್ದು. ಬೆಟ್ಟದ ಬಗ್ಗೆ ಹಾಗೆ ಹೇಳುವಂತಿರಲಿಲ್ಲ. ಅವನು ಮುಂದೆ ನಡೆದ.

ಎದುರಿಗೆ ಸೌದೆಗಾಡಿಯೊಂದು ಬಂತು. ಹೊಡೆಯುತ್ತಿದ್ದವನು ಕುಂಬಾರಕೊಪ್ಪಲಿನ ಕಾಳಯ್ಯ. “ಎಲ್ಲಿಗೋಗ್ಬೇಕು ಸ್ವಾಮಿ? ಕೊಪ್ಪಲ ಕಡೆಗಾದ್ರೆ ಅತ್ಕಳಿ, ನಾನೂ ಅಲ್ಲಿಗೇ.”

ಕಾಳಯ್ಯನ ಗಾಡಿಯ ಮುಖ ತನ್ನ ಬೆನ್ನ ಕಡೆಗಿದೆ ಎಂಬುದು ಯೇಸುದಾಸನಿಗೆ ಕಾಣದೆ ಇರಲಿಲ್ಲ. ಒಂದು ಮಾತು ಕೇಳಿದರೆ ಆಗಿತ್ತು. ಆದರೆ ದಾರಿ ಕೇಳಕೂಡದೆಂಬ ನಿಯಮ ಬರೆದದ್ದು ಯಾರು? ಕಾರ್ಯದರ್ಶಿಗಳು. ಅವನು ತುಟಿ ಬಿಗಿದುಕೊಂಡು ಮುಂದೆ ಹೋದ. ಕಾಳಯ್ಯ ‘ಪಾಪ’ ಎಂದುಕೊಂಡು ಎತ್ತಿನ ಬಾಲ ಮುಟ್ಟಿದ.

ಕೊನೆಯ ಸರಳು ನೆಟ್ಟು ನಾಲ್ಕು ಹೆಜ್ಜೆ ಈಚೆ ಬಂದೊಡನೆ ಮುಳ್ಳು ಗಿರ್ರನೆ ತಿರುಗಿ ನಿಜವಾದ ಉತ್ತರಕ್ಕೆ ನಿಂತಿತು. ಇಷ್ಟು ಹೊತ್ತೂ ಸರಿಯಿದ್ದ ದಿಕ್ಸೂಚಿ ಈಗ ಕೆಟ್ಟಿತಲ್ಲ ಎಂದು ಯೇಸುದಾಸನಿಗೆ ಅಳುವೇ ಬಂತು. ಸುತ್ತ ಕುರುಚಲು ಗಿಡ. ಬಿಸಿಲು ನೆತ್ತಿಗೇರಿತ್ತು. ಅಲ್ಲಿ ರಾಯರ ಜಗಲಿಗೆ ಯಾರೂ ಬಂದಿರುವುದಿಲ್ಲ, ಇಷ್ಟರಲ್ಲಿ ಸಂಘ ಮುಚ್ಚಿರುತ್ತದೆ, ಇಲ್ಲಿ ಅದರ ಕಾರ್ಯದರ್ಶಿ ತಾನು ಎಲ್ಲಿದ್ದೇನೆಂದೇ ತಿಳಿಯದೆ ನಿಂತಿದ್ದಾನೆ. ಒಂದು ಹೊಂಗೆ ಮರದ ಕೆಳಗೆ ಕೂತು ಮಾಂಸದ ಸಾರನ್ನು ನೆನೆಯುತ್ತ ನಿದ್ದೆಹೋದ.

ಎಚ್ಚರವಾದದ್ದು ಗದ್ದಲಕ್ಕೆ. ಬಿಸಿಲು ಇಳಿದಿತ್ತು. ಕಣ್ಣುಬಿಟ್ಟರೆ ಅರ್ಧ ಮೊಹಲ್ಲಾ ಎದುರಿಗಿದೆ. ಮುಂದೆ ಫಿಲೋಮಿನಾ, ಅವಳ ಕೈಯಲ್ಲಿ ಹಂಡೆಯ ಮೇಲಿದ್ದು ಒದ್ದೆಯಾದ ನಕ್ಷೆ. ಹಿಂದೆ ಚರ್ಚಿನ ವಾದ್ಯದವರು, ಬೂಟು ಕಚ್ಚಿತೆಂದು ಸಂಘ ಬಿಟ್ಟಿದ್ದ ಸೈಕಲ್ ಅಂಗಡಿ ಲಿಂಗಯ್ಯ, ಸೊಪ್ಪನ್ನು ಮಡಿಲಲ್ಲಿ ಕಟ್ಟಿಕೊಂಡೇ ಬಂದಿದ್ದ ಸಿದ್ದಲಿಂಗಮ್ಮ. ಎಲ್ಲರ ನಡುವೆ, ಜಗಲಿಯಿಂದ ಇಳಿದು ಬಂದ ಕೃಷ್ಣಸ್ವಾಮಿ ರಾಯರು.

“ಸಾರು ಆರೋಯ್ತು, ನೀವು ಬರ್ಲಿಲ್ಲ,” ಎಂದು ಫಿಲೋಮಿನಾ ಅತ್ತಳು. “ಭಾನ್ವಾರದ ಸಾರಿಗೆ ಬರ್ದೇ ಇರೋ ಮನುಷ್ಯನೇನ್ರೀ ನೀವು? ನಾನು ಏನಂತ ತಿಳ್ಕೋಬೇಕು?”

ಲಿಂಗಯ್ಯನಿಗೆ ಸಂಭ್ರಮ ತಡೆಯಲಾಗಲಿಲ್ಲ. “ಸೌದೆ ಗಾಡಿಯವ್ನು ಬಂದು, ಯಾರೋ ಬಾವುಟ ಇಡ್ಕಂಡು ಬೆಟ್ಟದ ಕಡೆ ಓದ್ರು, ಮಾತಾಡ್ಸಿದ್ರೆ ಮಾತಿಲ್ಲ ಅಂದ. ಒಂಟ್ವಿ. ಒಂದು ಬಾವುಟ ಸಿಕ್ತು. ಅಲ್ಲಿಂದ ಹುಡುಕ್ತಾ ಹುಡುಕ್ತಾ ಇನ್ನೊಂದು. ಇಂಥ ಮಜಾ ನಾನು ದಸರಾದಲ್ಲೂ ಕಂಡಿಲ್ಲ ಕಣ್ರೀ. ದಾರೀಲಿ ‘ಎಲ್ಲಿಗೆ’ ಅಂದೋರೆಲ್ಲ ಜೊತೇಲೇ ಬಂದ್ಬುಟ್ರು.”

ರಾಯರು ಎಲ್ಲರನ್ನೂ ತೃಪ್ತಿಯಿಂದ ನೋಡಿದರು. “ಪಶ್ಚಿಮಕ್ಕೆ ಶೂಲೆ ಇತ್ತು. ನೀವು ಆಗ್ನೇಯಕ್ಕೆ ಕಳೆದುಹೋದದ್ದು ಬಹಳ ಒಳ್ಳೇದಾಯ್ತು, ಕಾರ್ಯದರ್ಶಿಗಳೇ. ನನಗೂ ಬರೋಕಾಯ್ತು. ಸಂಘ ಮುಚ್ಚೋ ಮಾತೇ ಇಲ್ಲ.”

ಯೇಸುದಾಸನ ಕಣ್ಣಲ್ಲಿ ನೀರು ಬಂತು. ಸಂಘ ಉಳಿಯಿತು, ಪದವಿಯೂ ಉಳಿಯಿತು. ಬೆಟ್ಟವನ್ನು ನಂಬದೆ ಬಂದದ್ದೇ ಒಳ್ಳೆಯದಾಯಿತೆಂದುಕೊಂಡ.

ರಾಯರು ಹೊಂಗೆ ಮರದಡಿಯಲ್ಲೇ ಸಭೆ ನಡೆಸಿದರು. ಇನ್ನು ಬರೀ ಬಾವುಟ ಹುಡುಕುವುದು ಬೇಡ. ಬಾವುಟಗಳ ಕೊನೆಗೆ ಒಬ್ಬ ಮನುಷ್ಯನಿರಬೇಕು ಎಂದು ಎಲ್ಲರೂ ಒಪ್ಪಿದರು.

“ಕಳೆದುಹೋಗೋದು ಯಾರು?” ಎಂದು ರಾಯರು ಕೇಳಿದರು.

ಎಲ್ಲರೂ ಯೇಸುದಾಸನ ಕಡೆಗೆ ತಿರುಗಿದರು.

“ನಾನು ಕಾರ್ಯದರ್ಶಿ ಅಲ್ಲವೇ, ರಾಯರೇ?”

“ಅದೇ ತೊಡಕು. ಕಾರ್ಯದರ್ಶಿ ಅಂದಮೇಲೆ ಹುಡುಕೋರ ಮುಂದೆ ಇರಬೇಕು. ಕಳೆದುಹೋದೋರು ಮುಂದೆ ಇರೋದು ಹೇಗೆ?” ರಾಯರು ಒಂದು ಕ್ಷಣ ಯೋಚಿಸಿ ದಿಕ್ಸೂಚಿಯನ್ನು ಯೇಸುದಾಸನ ಕೈಯಿಂದ ತೆಗೆದು ಲಿಂಗಯ್ಯನ ಕೈಗಿಟ್ಟರು. “ಇನ್ನು ಮೇಲೆ ನೀವು ನೋಡಿಕೊಳ್ಳಿ, ಕಾರ್ಯದರ್ಶಿಗಳೇ.” ಆಮೇಲೆ ಯೇಸುದಾಸನ ಕಡೆ ತಿರುಗಿ, “ಮುಂದಿನ ಸಲವೂ ಹೀಗೇ ಚೆನ್ನಾಗಿ ಕಳೆದುಹೋಗಯ್ಯಾ,” ಎಂದರು.

ಮುಂದಿನ ತಿಂಗಳ ಸಂಘದ ಭಾನುವಾರ, ಯೇಸುದಾಸ ಸರಳು ಹೊತ್ತು ಹೊಸಿಲು ದಾಟಿದ. ಎದುರು ಜಗಲಿಯಲ್ಲಿ ಸಿದ್ದಲಿಂಗಮ್ಮ ತಲೆಯೆತ್ತಿದಳು. ಬಾಯಿ ತೆರೆದಳು. ತಟ್ಟನೆ ನೆನಪಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ಮುಖಮಾಡಿ ಕೂತಳು.

“ನಾನು ಕೇಳಾಕಿಲ್ಲ ಕಣಪ್ಪ. ನೀನೂ ಯೋಳ್ಬ್ಯಾಡ. ಗೊತ್ತಾಗ್ಬುಟ್ರೆ ಆಟ ಕೆಟ್ಟೋಯ್ತದೆ.”

ಬೀದಿಯ ಕೊನೆಯವರೆಗೂ ಒಬ್ಬರೂ ಅವನನ್ನು ‘ಎಲ್ಲಿಗೆ’ ಎಂದು ಕೇಳಲಿಲ್ಲ. ಯಾರಾದರೂ ಕೇಳಿಯಾರೆಂದು ಅಲ್ಲಿ ಒಂದು ಗಳಿಗೆ ನಿಂತು ನೋಡಿದ ಯೇಸುದಾಸ ಮನೆಗೆ ಹಿಂದಿರುಗಿ, ಒಳಗೆ ಕೂತು, ಒಂದು ಲೋಟ ನೀರು ಕುಡಿದು ಮತ್ತೆ ಹೊರಟ.